ಸಂದರ್ಶಕರು ಬಂದಾಗ ಎದ್ದು ನಿಲ್ಲತಕ್ಕದ್ದು

ನೀಲಕಂಠ ಜೋಶಿಗೆ ‘ಗೊತ್ತಿಲ್ಲ’ ಎನ್ನಲು ಬರುತ್ತಿರಲಿಲ್ಲ.

ಉಳಿದದ್ದೆಲ್ಲ ತಕ್ಕಮಟ್ಟಿಗೆ ಬರುತ್ತಿತ್ತು. ಬೈಲಹೊಂಗಲದಲ್ಲಿ ದೇಸಾಯರ ಹಳೆಯ ಮನೆಯಾದ ವಾಡೆಯ ವಸ್ತುಸಂಗ್ರಹಾಲಯದಲ್ಲಿ ಅವನು ಹದಿನೇಳು ವರ್ಷಗಳಿಂದ ಗುಮಾಸ್ತ. ಹನ್ನೊಂದು ತಿಂಗಳ ನೇಮಕ, ಒಂದು ದಿನದ ವಿರಾಮ, ಮತ್ತೆ ಹನ್ನೊಂದು ತಿಂಗಳ ನೇಮಕ. ಟಪಾಲು ಬರೆಯುತ್ತಿದ್ದ, ಜೇಡರ ಬಲೆ ತೆಗೆಸುತ್ತಿದ್ದ, ಬಂದವರಿಗೆ ವಿವರಣೆ ಕೊಡುತ್ತಿದ್ದ. ಅವನ ಅಜ್ಜ ಪಂಚಾಂಗ ನೋಡಿ, ಕಳೆದ ಎಮ್ಮೆ ಯಾವ ದಿಕ್ಕಿಗೆ ಹೋಗಿದೆ ಎಂದು ಹೇಳುತ್ತಿದ್ದವರು. ಕೇಳಿದವನನ್ನು ಉತ್ತರವಿಲ್ಲದೆ ಕಳಿಸುವ ಪದ್ಧತಿ ಆ ಮನೆತನದಲ್ಲಿ ಇರಲಿಲ್ಲ. ಎಮ್ಮೆ ಸಿಗುವುದು ಬಿಡುವುದು ಎಮ್ಮೆಗೆ ಸೇರಿದ್ದು.

ಸಂಗ್ರಹಾಲಯದ ಇಪ್ಪತ್ತಮೂರನೆಯ ನಂಬರಿನ ಗಾಜಿನ ಪೆಟ್ಟಿಗೆಯಲ್ಲಿ ಅಗಲ ಬಾಯಿಯ ಹಿತ್ತಾಳೆಯ ವಸ್ತುವೊಂದಿತ್ತು. ಅದರ ಚೀಟಿಯನ್ನು ಗೆದ್ದಲು ತಿಂದು ಬಹಳ ಕಾಲವಾಗಿತ್ತು. ನೀಲಕಂಠ ಕೆಲಸಕ್ಕೆ ಸೇರಿದ ಮೊದಲ ವಾರ ಯಾರೋ, “ಇದೇನ್ರಿ?” ಎಂದರು. “ಯುದ್ಧದ ಶಿರಸ್ತ್ರಾಣ” ಎಂದ. ಅಂದಿನಿಂದ ಅದು ಶಿರಸ್ತ್ರಾಣ. ಗಣ್ಯರು ಬಂದರೆ ಪೆಟ್ಟಿಗೆ ತೆಗೆದು, ಅವರ ತಲೆಯ ಮೇಲಿಟ್ಟು ಫೋಟೊ ತೆಗೆಸುತ್ತಿದ್ದ. ಊರಿನ ಎಷ್ಟೋ ಪಡಸಾಲೆಗಳಲ್ಲಿ ಆ ಫೋಟೊಗಳು ಈಗಲೂ ತೂಗುತ್ತಿವೆ.

ಹೀಗಿರುವಾಗ ಬೆಳಗಾವಿಯ ಟ್ರಸ್ಟ್ ಕಚೇರಿಯಿಂದ ಪತ್ರ ಬಂತು. ಈ ಟ್ರಸ್ಟಿಗೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಹೀಗೆ ನಾಲ್ಕು ಊರುಗಳಲ್ಲಿ ನಾಲ್ಕು ಸಂಗ್ರಹಾಲಯ. ಪತ್ರದ ಸಹಿ ಜಿಲೇಬಿಯಂತೆ ಸುತ್ತಿಕೊಂಡಿತ್ತು. ಕೆಳಗೆ ‘ಅಧಿಕಾರಿ’ ಎಂದಷ್ಟೇ ಇತ್ತು. ಹೊಸ ಅಧಿಕಾರಿ; ಅವರ ಮುಖವನ್ನು ಇಲ್ಲಿ ಯಾರೂ ನೋಡಿರಲಿಲ್ಲ. ಒಕ್ಕಣೆ ಹೀಗಿತ್ತು:

‘ಸಂದರ್ಶಕ ತಂತ್ರಜ್ಞಾನ ಕುರಿತು ಸಿಬ್ಬಂದಿಗಾಗಿ ಹತ್ತು ನಿಮಿಷಗಳ ತರಬೇತಿ ವಿಡಿಯೋ ಸಿದ್ಧಪಡಿಸತಕ್ಕದ್ದು. ಉಪಕರಣಗಳನ್ನು ಪ್ರತ್ಯೇಕವಾಗಿ ಕಳುಹಿಸಲಾಗುವುದು. ಸಂದರ್ಶಕರು ಬಂದಾಗ ಸಿಬ್ಬಂದಿ ಎದ್ದು ನಿಂತು ಸ್ವಾಗತಿಸತಕ್ಕದ್ದು. ವಿಡಿಯೋ ಒಪ್ಪಿಗೆಯಾದಲ್ಲಿ, ತರಬೇತಿ ನೀಡಿದವರನ್ನು ನಾಲ್ಕೂ ಸಂಗ್ರಹಾಲಯಗಳಿಗೆ ಕಾಯಂ ತರಬೇತುದಾರರನ್ನಾಗಿ ನೇಮಿಸಲಾಗುವುದು.’

‘ಕಾಯಂ’ ಎಂಬ ಶಬ್ದವನ್ನು ನೀಲಕಂಠ ಮೂರು ಸಲ ಓದಿದ. ಉಳಿದದ್ದನ್ನು ಒಂದು ಸಲ.

ಟಿಕೆಟ್ ಕೊಡುವ, ಬಾಗಿಲು ಕಾಯುವ ಮಲ್ಲಿಕಸಾಬ ಪತ್ರದ ಮೇಲೆ ಬಗ್ಗಿದ. ಕಸ ಗುಡಿಸುವ ಮರೆವ್ವ ಕಸಬರಿಗೆಯ ಸಮೇತ ಬಂದಳು. ಸಿಬ್ಬಂದಿ ಎಂದರೆ ಇವರು ಮೂವರೇ.

“ಸಂದರ್ಶಕ ಅಂದ್ರ ಯಾರ್ರಿ ಜೋಶ್ಯಾರ?” ಎಂದ ಮಲ್ಲಿಕಸಾಬ.

ಆ ಶಬ್ದ ಆ ವಾಡೆಯ ಗೋಡೆಗಳ ಒಳಗೆ ಹಿಂದೆಂದೂ ಉಚ್ಚಾರವಾದದ್ದಲ್ಲ. ಅಲ್ಲಿಗೆ ಬರುವವರು ‘ನೋಡಾಕ ಬಂದ ಮಂದಿ’. ಅವರು ಸಹಿ ಮಾಡುವ ಪುಸ್ತಕ ‘ವಿಜಿಟರ್ ಬುಕ್’. ನಿಘಂಟಿನಲ್ಲಿ ಸಂದರ್ಶಕ ಎಂಬುದಕ್ಕೆ ಎರಡು ಅರ್ಥಗಳಿವೆ. ನೋಡಲು ಬರುವವನು ಎಂಬುದು ಒಂದು. ನೀಲಕಂಠ ನೇರವಾಗಿ ಎರಡನೆಯದಕ್ಕೆ ಹೋದ.

“ಸಂದರ್ಶನ ಅಂದ್ರೇನು? ಇಂಟರ್‌ವ್ಯೂ. ಸಂದರ್ಶಕ ಅಂದ್ರ ಇಂಟರ್‌ವ್ಯೂ ತೊಗೊಳ್ಳಾಂವ. ಇಷ್ಟೂ ತಿಳಿಯೂದಿಲ್ಲೇನು ಸಾಬರ? ನಮ್ಮನ್ನ ಕಾಯಂ ಮಾಡ್ಲಿಕ್ಕೆ ಇಂಟರ್‌ವ್ಯೂ ಇಡ್ಲಿಕ್ಕತ್ತಾರ. ಅದರಾಗ ಹ್ಯಾಂಗ ಪಾಸ್ ಆಗಬೇಕು ಅಂತ ನಾ ವಿಡಿಯೋದಾಗ ಹೇಳಿಕೊಡಬೇಕು.”

“ನಿಮಗ ಗೊತ್ತೈತ್ರೇನು ಅದು?”

“ಗೊತ್ತದ.”

ಇದು ಪೂರಾ ಸುಳ್ಳಲ್ಲ. ನೀಲಕಂಠ ತನ್ನ ಜೀವನದಲ್ಲಿ ಹದಿನಾಲ್ಕು ಇಂಟರ್‌ವ್ಯೂಗಳಿಗೆ ಹೋಗಿದ್ದ. ಹದಿನಾಲ್ಕರಲ್ಲೂ ಬಿದ್ದಿದ್ದ. ಈ ವಿಷಯದಲ್ಲಿ ಅಷ್ಟು ಅನುಭವ ಇದ್ದವರು ಆ ತಾಲೂಕಿನಲ್ಲಿ ಇನ್ನೊಬ್ಬರಿರಲಿಲ್ಲ.

ಮೂರು ದಿನ ಬಿಟ್ಟು ಉಪಕರಣದ ಡಬ್ಬಿ ಬಂತು. ಒಳಗೆ ಹತ್ತು ಯಂತ್ರ. ಒಂದೊಂದಕ್ಕೂ ಕೊರಳಿಗೆ ತೂಗುಹಾಕುವ ಪಟ್ಟಿ, ಕಿವಿಗೆ ಸಿಕ್ಕಿಸುವ ಗುಂಡಿ, ಒತ್ತಲು ಒಂದರಿಂದ ಒಂಬತ್ತು ಮತ್ತು ಸೊನ್ನೆ. ಸೂಚನೆಯ ಹಾಳೆ ಇಂಗ್ಲಿಷಿನಲ್ಲಿತ್ತು. ನೀಲಕಂಠ ಅದನ್ನು ಎರಡೂ ಮಗ್ಗಲು ನೋಡಿ, “ಎಲ್ಲಾ ನಾ ಅಂದಂಗೇ ಅದ” ಎಂದು ಮಡಚಿ ಕಿಸೆಗೆ ಹಾಕಿಕೊಂಡ.

“ಸಂದರ್ಶಕರು ಬೆಳಗಾವ್ಯಾಗ ಕುಂತು ಪ್ರಶ್ನಿ ಕೇಳ್ತಾರ. ನಾವು ಇದನ್ನ ಕಿವ್ಯಾಗ ಹಾಕ್ಕೊಂಡು ಇಲ್ಲಿಂದ ಉತ್ತರ ಕೊಡಬೇಕು. ಈಗಿನ ತಂತ್ರಜ್ಞಾನ ಹಿಂಗದ.”

ಮರೆವ್ವ ಅಷ್ಟರಲ್ಲಿ ಒಂದನ್ನು ಕಿವಿಗೆ ಹಾಕಿಕೊಂಡು ಏಳು ಒತ್ತಿದ್ದಳು. ಅವಳು ಒಮ್ಮೆಲೆ ಕೈಮುಗಿದಳು.

“ಯಾರೋ ಗಂಡಸ ಮಾತಾಡಾಕ ಹತ್ತ್ಯಾನ್ರಿ ಜೋಶ್ಯಾರ. ‘ಇದು ದೇಸಾಯರ ಖಡ್ಗ, ಉದ್ದ ಮೂರು ಅಡಿ, ಹಿಡಿಕೆಗೆ ಬೆಳ್ಳಿ ಕೆಲಸ’ ಅನ್ನಾಕ ಹತ್ತ್ಯಾನ.”

ಮೂವರೂ ಏಳನೆಯ ಪೆಟ್ಟಿಗೆಯತ್ತ ತಿರುಗಿದರು. ಅಲ್ಲಿ ಖಡ್ಗ ಇತ್ತು. ನೀಲಕಂಠ ಕಿಟಕಿಯಿಂದ ಹೊರಗೆ ಇಣುಕಿದ.

“ಬಾಗಲಾ ಹಾಕ್ರಿ ಸಾಬರ” ಎಂದು ಪಿಸುಗುಟ್ಟಿದ. “ಇವು ಉತ್ತರ! ಪ್ರಶ್ನಿ ಬರೂಕಿಂತ ಮೊದಲ ಉತ್ತರ ಬಂದುಬಿಟ್ಟಾವ. ಆಫೀಸಿನಾಗ ಯಾರೋ ಪುಣ್ಯಾತ್ಮರು ತಪ್ಪಿ ಕಳಿಸ್ಯಾರ. ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ.”

ನಲವತ್ತೊಂದು ಪೆಟ್ಟಿಗೆಗೆ ನಲವತ್ತೊಂದು ಉತ್ತರ. ಇಪ್ಪತ್ತಮೂರು ಒತ್ತಿದ ಮಲ್ಲಿಕಸಾಬ ಕಿವಿಯಿಂದ ಗುಂಡಿ ತೆಗೆದು, ಅದನ್ನು ಒರೆಸಿ, ಮತ್ತೆ ಹಾಕಿಕೊಂಡು ಕೇಳಿದ.

“ಜೋಶ್ಯಾರ, ಇದು ಶಿರಸ್ತ್ರಾಣ ಅಲ್ಲಂತ್ರಿ. ಪೀಕದಾನಿ ಅಂತ. ದೇಸಾಯರು ಎಲಿ ತಿಂದು ಉಗುಳೋದಂತ.”

“ಅದು ತಪ್ಪು ಉತ್ತರ” ಎಂದ ನೀಲಕಂಠ. “ಒಂದು ತಪ್ಪು ಬೇಕಂತ ಇಟ್ಟಿರ್ತಾರ. ಕಾಪಿ ಹೊಡದವರು ಸಿಗಲಿ ಅಂತ.”

ಮಲ್ಲಿಕಸಾಬನಿಗೆ ಆ ಶಿರಸ್ತ್ರಾಣ ಹೊತ್ತ ಗಣ್ಯರ ತಲೆಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಅವನು ಬಾಯಿಗೆ ಟವೆಲ್ಲು ಹಿಡಿದುಕೊಂಡು ಹೊರಗೆ ಹೋದ.

ವಿಡಿಯೋ ತೆಗೆಯಲು ಶಾನವಾಜನನ್ನು ಕರೆಸಿದರು. ಬಜಾರದಲ್ಲಿ ಅವನ ಸ್ಟುಡಿಯೋ. ಬೋರ್ಡಿನ ಮೇಲೆ ‘ಮದುವೆ, ಮುಂಜಿ, ಕುಬಸ, ಎಲ್ಲಾ ಶುಭಕಾರ್ಯಗಳ ಶೂಟಿಂಗ್’ ಎಂದು ಬರೆದಿತ್ತು. ತರಬೇತಿಯೂ ಒಂದು ಶುಭಕಾರ್ಯವೇ ಎಂದು ಅವನು ಒಪ್ಪಿಕೊಂಡ.

ನೀಲಕಂಠ ಪಾಠವನ್ನು ಐದು ಭಾಗ ಮಾಡಿದ್ದ: ಬಾಗಿಲು ಬಡಿಯುವುದು, ನಮಸ್ಕರಿಸುವುದು, ಕೂಡುವುದು, ಉತ್ತರಿಸುವುದು, ಬೆನ್ನು ತೋರಿಸದೆ ಹೊರಡುವುದು. ಕೂಡುವುದಕ್ಕೇ ಮೂರು ನಿಮಿಷ ಹೋಯಿತು.

“ಪೂರಾ ಕುಂಡ್ರಬ್ಯಾಡ್ರಿ, ಸೊಕ್ಕು ಅಂತಾರ” ಎಂದು ಅವನು ಕ್ಯಾಮೆರಾಕ್ಕೆ ಹೇಳಿದ. “ತುದೀಗೆ ಕುಂಡ್ರಬ್ಯಾಡ್ರಿ, ಅಂಜುಬುರುಕ ಅಂತಾರ. ಅರ್ಧಾ ಕುಂಡ್ರಬೇಕು.”

ಶಿರಸ್ತ್ರಾಣವನ್ನು ತೊಡೆಯ ಮೇಲಿಟ್ಟುಕೊಂಡು ಅರ್ಧ ಕೂತು ತೋರಿಸುವಾಗ ಕುರ್ಚಿ ಹಿಂದಕ್ಕೆ ಸರಿಯಿತು. ಶಾನವಾಜ ಅದನ್ನು ಕತ್ತರಿಸಲಿಲ್ಲ. “ಇಂಥಾದ್ದು ಇದ್ರನ ಮಂದಿ ಕಡೀತನಕ ನೋಡ್ತಾರ್ರಿ ಸರ್” ಎಂದ.

ಉತ್ತರಿಸುವ ಭಾಗಕ್ಕೆ ನೀಲಕಂಠ ಮರೆವ್ವನನ್ನು ಮುಂದೆ ಮಾಡಿದ. ತಾನು ಎಲ್ಲ ತಿಳಿದವನಾದ್ದರಿಂದ ಯಂತ್ರದ ಉತ್ತರ ಬಾಯಿಪಾಠ ಮಾಡಿರಲಿಲ್ಲ. ಮರೆವ್ವ ಮಾಡಿದ್ದಳು. ಕಸ ಗುಡಿಸುತ್ತ ಒಂದು, ಗಾಜು ಒರೆಸುತ್ತ ಒಂದು, ಹೀಗೆ ಆರು ದಿನಗಳಲ್ಲಿ ನಲವತ್ತೊಂದನ್ನೂ ನುಂಗಿದ್ದಳು. ಅವಳು ಕ್ಯಾಮೆರಾದ ಮುಂದೆ ನಿಂತು, “ಹಿಂಗ ಕೊಳ್ಳಾಗ ಹಾಕ್ಕೋರಿ. ಹಿಂಗ ಕಿವ್ಯಾಗ ಇಡ್ರಿ. ಪೆಟ್ಟಗಿ ನಂಬರ ನೋಡಿ ಒತ್ರಿ. ದನಿ ಸಣ್ಣ ಆದ್ರ ಈ ಮಗ್ಗಲ ಗಾಲಿ ತಿರುವ್ರಿ” ಎಂದು, ಖಡ್ಗದ ಕಥೆಯನ್ನು ಉಸಿರು ತೆಗೆದುಕೊಳ್ಳದೆ ಹೇಳಿದಳು. ಎರಡೇ ನಿಮಿಷ.

ಶಾನವಾಜ ಎಡಿಟಿಂಗ್ ಮುಗಿಸಿ ತಂದ. ಶಹನಾಯಿ ಊದುತ್ತಿತ್ತು. ದೊಡ್ಡ ಗುಲಾಬಿ ಅರಳಿ ಒಳಗಿಂದ ಮರೆವ್ವ ಬಂದಳು. ಬಾಣ ಚುಚ್ಚಿದ ಹೃದಯದೊಳಗೆ ಮಲ್ಲಿಕಸಾಬ ಗಿರಗಿರ ತಿರುಗಿದ.

“ಈ ಹೃದಯ ಯಾಕೋ?” ಎಂದ ನೀಲಕಂಠ.

“ಅದು ಟೆಂಪ್ಲೇಟ್‌ನಾಗ ಇರತೈತ್ರಿ ಸರ್. ತೆಗೆದ್ರ ಹಾಡೂ ಹೋಗತೈತಿ.”

ಹಾಡು ಹೋಗುವುದು ಯಾರಿಗೂ ಬೇಕಿರಲಿಲ್ಲ. ವಿಡಿಯೋವನ್ನು ಬೆಳಗಾವಿಯ ಕಚೇರಿಗೂ ನಾಲ್ಕೂ ಸಂಗ್ರಹಾಲಯಗಳ ವಾಟ್ಸಾಪ್ ಗುಂಪಿಗೂ ಕಳಿಸಿದರು.

ಮರುದಿನದಿಂದ ನಾಲ್ಕು ಊರುಗಳಲ್ಲಿ ಒಂದೇ ಮಾತು: ಟ್ರಸ್ಟಿನಲ್ಲಿ ಇಂಟರ್‌ವ್ಯೂ ಇದೆ, ಸಂದರ್ಶಕರು ಯಾವ ವೇಷದಲ್ಲಾದರೂ ಬರಬಹುದು. ವೇಷದ ಮಾತು ಎಲ್ಲಿಂದ ಸೇರಿತೋ ಯಾರಿಗೂ ತಿಳಿಯದು. ಸವದತ್ತಿಯ ಸಂಗ್ರಹಾಲಯದಲ್ಲಿ ರೊಟ್ಟಿಯ ಬುತ್ತಿ ಕಟ್ಟಿಕೊಂಡು ಬಂದ ಒಂದು ಸಂಸಾರವನ್ನು ಸಾಲಾಗಿ ಕೂರಿಸಿ, ಅವರ ಮುಂದೆ ಸಿಬ್ಬಂದಿ ತಮ್ಮ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಇಟ್ಟರಂತೆ. ರಾಮದುರ್ಗದಲ್ಲಿ ವಾಚ್‌ಮನ್ ಪರಸಪ್ಪ ಬಂದವರಿಗೆಲ್ಲ ಬೆನ್ನು ತೋರಿಸದೆ ಹಿಂದಕ್ಕೆ ನಡೆದು ತುಳಸಿಕಟ್ಟೆಗೆ ಎಡವಿದನಂತೆ.

ಬೈಲಹೊಂಗಲಕ್ಕೆ ನೀಲಕಂಠನ ಮೌಶಿ, ಅಂದರೆ ತಾಯಿಯ ತಂಗಿ, ಮಥುರಾಬಾಯಿ ಬಂದಳು, ಜೊತೆಗೆ ಮೂವತ್ತನಾಲ್ಕು ವರ್ಷದ ಮಗ ಭರತನನ್ನೂ ಅವನ ಫೈಲನ್ನೂ ತಂದಳು. ಮೌಶಿಗೆ ಎರಡೂ ಕಿವಿ ಮಂದ.

“ನೀಲ್ಯಾ, ಸ್ವಂತ ಮೌಶಿ ಮಗಾ ಖಾಲಿ ಕೂತಾನ. ನೀ ಮಂದಿಗೆ ನೌಕರಿ ಹಂಚ್ಲಿಕ್ಕತ್ತೀ?”

“ನಾ ಹಂಚೂದಲ್ಲ ಮೌಶಿ, ಸಂದರ್ಶಕರು ಹಂಚ್ತಾರ.”

“ಏನಂದಿ? ಚಂದ್ರಕ್ಕ?”

“ಸಂದರ್ಶಕರು!”

“ಯಾವ ಚಂದ್ರಕ್ಕ? ಆಕಿ ಸತ್ತು ವರ್ಷಾತಲ್ಲೋ!”

ನೀಲಕಂಠ ಬರೆದು ತೋರಿಸಲು ಕಾಗದ ಹುಡುಕಿದ. ಅಷ್ಟರಲ್ಲಿ ಮೌಶಿಯ ಕಣ್ಣು ಮೇಜಿನ ಮೇಲಿನ ಯಂತ್ರದ ಮೇಲೆ ಬಿತ್ತು. ಕಿವಿಗೆ ಹಾಕುವ ಯಂತ್ರವನ್ನು ತನಗಾಗಿಯೇ ತರಿಸಿದ್ದಾನೆ ಎಂದು ಅವಳು ತಿಳಿದುಕೊಂಡಳು. ಹಾಕಿಕೊಂಡಳು. ಸಿಕ್ಕಲ್ಲಿ ಒತ್ತಿದಳು. ಮುಖ ಅರಳಿತು.

“ಎಷ್ಟ ಚಂದ ಮಾತಾಡ್ತಾನೋ ಇಂವಾ! ನಿಮ್ಮ್ಯಾರ ಮಾತೂ ಇಷ್ಟು ಸ್ಪಷ್ಟ ಕೇಳ್ಸೂದಿಲ್ಲ.”

“ಮೌಶಿ, ಅದು ಸರಕಾರಿ ಇದ್ದಂಗ, ತೆಗೀ.”

ಮೌಶಿಗೆ ಕೇಳಿಸಲಿಲ್ಲ. ಅವಳು ಭರತನನ್ನು ಹಿಂದೆ ಹಾಕಿಕೊಂಡು, ದೇಸಾಯರ ನಾಣ್ಯಗಳ ವಿಷಯ ಕೇಳುತ್ತ, ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಯಂತ್ರ ಒಂದು ಹೋಯಿತು.

ಸಂದರ್ಶಕರು ಬಂದದ್ದು ಗುರುವಾರ, ಬಿಸಿಲೇರಿದ ಹೊತ್ತಿಗೆ. ಅಂದರೆ ಬಂದದ್ದು ಸಾಲಹಳ್ಳಿಯ ಲಗಮಣ್ಣ. ಬೈಲಹೊಂಗಲದ ಮಗಳ ಮನೆಗೆ ಬಂದು ಹೋಗುತ್ತಿದ್ದ ಮುದುಕ. ರಾಮದುರ್ಗದ ಬಸ್ಸಿಗೆ ಇನ್ನೂ ಒಂದು ತಾಸು ಇತ್ತು. ನೆರಳು ಕಂಡಿತು, ಒಳಗೆ ಬಂದ. ತಲೆಗೆ ಪಟಕ, ಧೋತರ, ಕೈಯಲ್ಲೊಂದು ಚೀಲ.

ಮೂವರೂ ಧಡ್ಡನೆ ಎದ್ದು ನಿಂತರು.

ಲಗಮಣ್ಣ ಗಾಬರಿಯಾದ. “ಎಲ್ಲಾರೂ ಎದ್ದ ನಿಂತೀರೆಲ್ಲಾ, ಯಾರರ ಹೋದ್ರೇನ?”

“ಬರ್ರಿ ಸಾಹೇಬ್ರ, ಕುಂತ್ಕೋರ್ರಿ” ಎಂದು ನೀಲಕಂಠ ತನ್ನ ಕುರ್ಚಿ ಕೊಟ್ಟು, ಯಂತ್ರವೊಂದನ್ನು ಹಾರದಂತೆ ಕೊರಳಿಗೆ ಹಾಕಿದ. ಲಗಮಣ್ಣ ಕೂತ. ನೀರು ಕುಡಿದ. ಕೂತ ಮೇಲೆ ಸುಮ್ಮನಿರುವ ಜಾತಿಯ ಮನುಷ್ಯನಲ್ಲ ಅವನು.

“ಯಾ ಊರವ್ವಾ ನಿಂದು?” ಎಂದು ಮರೆವ್ವನನ್ನು ಕೇಳಿದ.

“ತೊರಗಲ್ರಿ.”

“ತೊರಗಲ್ಲ ಏನು! ನಮ್ಮ ಬಾಜೂಕನ ಆತ. ಮಕ್ಕಳೆಷ್ಟು?”

“ಎರಡ್ರಿ.”

“ಇಲ್ಲಿ ಎಷ್ಟ ವರ್ಷಾತು?”

“ಹತ್ತೊಂಬತ್ತು.”

“ಪಗಾರ ಹೊಟ್ಟಿಗೆ ಬಟ್ಟಿಗೆ ಆಕ್ಕೈತೇನ?”

ನೀಲಕಂಠ ಹಿಂದಿನಿಂದ ಪಿಸುಗುಟ್ಟಿದ: “ಇದು ಒತ್ತಡದ ಪ್ರಶ್ನಿ. ನಗಕೋತ ಇರು.”

ಮರೆವ್ವ ನಗುತ್ತ, “ಆಗಂಗಿಲ್ರಿ” ಎಂದು ಖರೆ ಹೇಳಿದಳು. ಆಮೇಲೆ ತಡೆಯಲಾರದೆ ಒಂದನೆಯ ಪೆಟ್ಟಿಗೆಯಿಂದ ಶುರು ಮಾಡಿದಳು. ಲಗಮಣ್ಣ ಅವಳ ಬೆನ್ನಿಗೆ ಪೆಟ್ಟಿಗೆಯಿಂದ ಪೆಟ್ಟಿಗೆಗೆ ನಡೆದ. ಹೂಂಗುಟ್ಟಿದ. ಇಪ್ಪತ್ತಮೂರಕ್ಕೆ ಬಂದಾಗ ಅವಳು, “ಇದು ಪೀಕದಾನಿರಿ” ಎಂದಳು.

“ಹೌದ ಹೌದ. ನಮ್ಮಜ್ಜನೂ ಇಂಥಾದ್ದರಾಗ ಉಗುಳತಿದ್ದ.”

“ಶಿರಸ್ತ್ರಾಣರಿ ಸಾಹೇಬ್ರ” ಎಂದ ನೀಲಕಂಠ, ಅಡ್ಡ ಬಂದು. “ಯುದ್ಧದಾಗ ತಲೀಗೆ ಹಾಕ್ಕೊಳ್ಳೂದು.”

ಲಗಮಣ್ಣ ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿದ. ಅವನ ಕಣ್ಣು ತಲೆಯ ಹತ್ತಿರ ಸ್ವಲ್ಪ ಹೊತ್ತು ನಿಂತಿತು.

“ನಿಮ್ಮ ಮಂದ್ಯಾಗ ತಲಿಗೆ ಹಾಕ್ಕೋತಾರೇನ್ರಿ?”

ಬಸ್ಸಿನ ಹೊತ್ತಾಯಿತು. ಲಗಮಣ್ಣ ಬಾಗಿಲಲ್ಲಿ ತಿರುಗಿ, “ಏ ತಂಗಿ, ನಿಂದೇನ ಚಿಂತಿಲ್ಲ ಬಿಡ. ಭಾಳ ಚಂದ ಹೇಳಿದಿ” ಎಂದ. ನೀಲಕಂಠನಿಗೆ, “ನೀವು ಒಂಚೂರ ಆರಾಮ ತಗೋರಿ” ಎಂದ. ಹೋದ, ಕೊರಳಲ್ಲಿ ಯಂತ್ರದ ಸಮೇತ.

“ಮಿಶನ್ ಹೊಂಟೈತ್ರಿ!” ಎಂದು ಮಲ್ಲಿಕಸಾಬ ಎದ್ದ.

“ತಡೀಬ್ಯಾಡ್ರಿ. ಅವರದ ಅದು” ಎಂದ ನೀಲಕಂಠ. “ಮರೆವ್ವಾ, ನಿಂದಾತು. ನನಗ ಆರಾಮ ತಗೋ ಅಂದ್ರಲ್ಲ, ಅದರ ಅರ್ಥ ತಿಳೀತೇನು? ಇನ್ನ ಮ್ಯಾಲೆ ಈ ಗುಮಾಸ್ತಿಕಿ ಇಲ್ಲ. ಕಾಯಂ.”

ಅವತ್ತು ಮೂವರೂ ಮಿರ್ಚಿ ಭಜಿ ತರಿಸಿಕೊಂಡು ತಿಂದರು.

ಶನಿವಾರ ಬೆಳಗಾವಿ ಬಸ್ಸಿನಿಂದ ಇಳಿದು ಒಬ್ಬ ಹೆಂಗಸು ಬಂದಳು. ಇಳಕಲ್ ಸೀರೆ, ಕೈಯಲ್ಲಿ ಫೈಲು. ಯಾರೂ ಏಳಲಿಲ್ಲ. ಭರತನ ಹಾಗೆ ನೌಕರಿ ಕೇಳಿ ಫೈಲು ಹಿಡಿದು ಬಂದವರನ್ನು ಕಂಡು ಕಂಡು ಅವರಿಗೆ ಸಾಕಾಗಿತ್ತು.

“ಇಂಟರ್‌ವ್ಯೂ ಮುಗದೈತ್ರಿ ಅಕ್ಕಾರ” ಎಂದ ಮಲ್ಲಿಕಸಾಬ.

“ಹೌದಾ? ಯಾರು ತೊಗೊಂಡ್ರು?”

ನೀಲಕಂಠನಿಗೆ ಕನಿಕರ ಬಂತು. ಅಷ್ಟು ದೂರದಿಂದ ಬಂದಿದ್ದಾಳೆ, ಮುಂದಿನ ಸಲಕ್ಕಾದರೂ ತಯಾರಾಗಲಿ ಎಂದು ಕುರ್ಚಿಯಲ್ಲಿ ಸೆಟೆದು ಕೂತ. “ಹಂಗ ಒಳಗ ಬರಬಾರದ್ರಿ. ಹೊರಗ ಹೋಗಿ, ಬಾಗಲಾ ಬಡದು, ಬರ್ಲೇನು ಅಂತ ಕೇಳಿ ಬರ್ರಿ.”

ಅವಳು ಹೊರಗೆ ಹೋಗಿ, ಬಾಗಿಲು ಬಡಿದು, ಕೇಳಿ ಬಂದಳು. ಒಬ್ಬರು ಯಾಕೆ ಹಾಗೆ ಸುಮ್ಮನೆ ಹೇಳಿದಂತೆ ಮಾಡುತ್ತಾರೆ ಎಂದು ನೀಲಕಂಠನಿಗೆ ಅನುಮಾನ ಬರಬೇಕಿತ್ತು. ಬರಲಿಲ್ಲ.

“ಹೆಸರು?”

“ಜ್ಯೋತ್ಸ್ನಾ.”

“ಒತ್ತಕ್ಷರ ಭಾಳ ಆದ್ವು. ಬರಕೊಳ್ಳಾವ್ರಿಗೆ ತ್ರಾಸ ಆಗ್ತದ. ಈಗ ಎಲ್ಲಿದ್ದೀರಿ?”

“ಇದ ಟ್ರಸ್ಟಿನಾಗರಿ.”

“ಏನು ಮಾಡ್ತೀರಿ?”

“ಪತ್ರಾ ಬರೀತೀನಿ.”

“ಬರೇ ಬರದ್ರ ಆಗೂದಿಲ್ರಿ. ಬರದದ್ದು ಓದಿದವರಿಗೆ ತಿಳೀಬೇಕು.”

“ಅದು ನನಗ ಈಗ ತಿಳೀಲಿಕ್ಕತ್ತದ” ಎಂದಳು ಅವಳು.

ನೀಲಕಂಠ ತಲೆ ಅಲ್ಲಾಡಿಸಿದ. “ಕೂತದ್ದೂ ಸರಿ ಇಲ್ಲ. ಪೂರಾ ಕೂತೀರಿ. ನಾ ಆಗಿದ್ರ ನಾಪಾಸ್ ಮಾಡ್ತಿದ್ದೆ. ಬೇಜಾರ ಆಗಬ್ಯಾಡ್ರಿ, ನಾನೂ ಹದಿನಾಲ್ಕು ಸಲ ಆಗೀನಿ.”

ಅವಳು ಫೈಲು ತೆರೆದು ಪತ್ರದ ಕಚೇರಿ ಪ್ರತಿಯನ್ನು ಮೇಜಿನ ಮೇಲಿಟ್ಟಳು. ಕೆಳಗೆ ಅದೇ ಜಿಲೇಬಿ. “ಈ ಸಹಿ ನಂದ್ರಿ ಜೋಶಿಯವರ.”

ಮೂವರೂ ಎದ್ದು ನಿಂತರು. ಪತ್ರದ ಒಂದು ಸೂಚನೆಯಾದರೂ ಬರೆದವರ ಕಣ್ಣ ಮುಂದೆ ಪಾಲನೆಯಾದದ್ದು ಅದೇ ಮೊದಲು.

ಮೇಡಮ್ಮಿನ ಮಾತಿನಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಮೇಲಾಗುತ್ತಿತ್ತು. “ಸಂದರ್ಶಕ ಅಂದ್ರ ಇಲ್ಲಿ ನೋಡ್ಲಿಕ್ಕೆ ಬರಾವ್ರು. ವಿಜಿಟರ್. ಈ ಮಿಶನ್ ಅವರ ಕಿವೀಗೆ ಹಾಕೂದು. ಅದನ್ನ ಹ್ಯಾಂಗ ಹಾಕಬೇಕು, ಹ್ಯಾಂಗ ಒತ್ತಬೇಕು ಅಂತ ಸಿಬ್ಬಂದಿಗೆ ಹೇಳಿಕೊಡೂ ವಿಡಿಯೋ ನಾ ಕೇಳಿದ್ದು. ನೀವು ಅರ್ಧಾ ಕುಂಡ್ರೂದು ಹ್ಯಾಂಗ ಅಂತ ಕಳಿಸೀರಿ.”

ಮರೆವ್ವ ಯೋಚನೆ ಮಾಡಿ ಕೇಳಿದಳು. “ಅಂದ್ರ ಮೊನ್ನಿ ಬಂದಿದ್ನಲ್ರಿ, ಸಾಲಹಳ್ಳಿ ಮುತ್ಯಾ, ಅಂವ ಸಂದರ್ಶಕ ಹೌದಲ್ರಿ?”

“ನೋಡ್ಲಿಕ್ಕೆ ಬಂದಿದ್ರ ಹೌದು.”

“ಹಂಗಾದ್ರ ನಾ ಪಾಸಾಗಿದ್ದೂ ಖರೆ ಆತ.”

ಮೇಡಮ್ ಮೊದಲ ಸಲ ನಕ್ಕರು. ಆ ಹತ್ತು ನಿಮಿಷಗಳಲ್ಲಿ ಗುಲಾಬಿಯಿಂದ ಮರೆವ್ವ ಬಂದ ಮೇಲಿನ ಎರಡು ನಿಮಿಷ ಮಾತ್ರ ತರಬೇತಿ ಎಂದರು. ಅದನ್ನು ಕಿತ್ತೂರಿನವರಿಗೆ ತೋರಿಸಿದರಂತೆ. ಅವರು ಒಂದೇ ಸಲಕ್ಕೆ ಕಲಿತರಂತೆ. ಬಾಯಲ್ಲೂ ಪರೀಕ್ಷೆ ಮಾಡೋಣ ಎಂದು ಒಂದು ಸುತ್ತು ಹಾಕಿಸಿದರು. ಮರೆವ್ವ ಹೇಳುತ್ತ ಹೋದಳು. ಹದಿನಾರನೆಯದರಲ್ಲಿ ಯಂತ್ರದ ತಪ್ಪನ್ನೂ ಹಿಡಿದಳು. “ಮಿಶನ್ನಾಂವ ಈ ಪೀಠಕ್ಕ ನಾಕ ಕಾಲು ಅಂತಾನ್ರಿ. ಐದ ಅದಾವ. ಹತ್ತೊಂಬತ್ತ ವರ್ಷ ನಾನ ಒರಸೇನಿ.”

ಇಪ್ಪತ್ತಮೂರರ ಮುಂದೆ ಮೇಡಮ್ ನಿಂತು ನೀಲಕಂಠನ ಕಡೆ ತಿರುಗಿದರು. ವಿಡಿಯೋದ ಮೂರನೆಯ ಭಾಗದಲ್ಲಿ ಅವನು ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತದ್ದನ್ನು ಅವರು ನೋಡಿದ್ದರು.

“ಜೋಶಿಯವರ, ಇದೇನು?”

ನೀಲಕಂಠ ಬಾಯಿ ತೆರೆದ. ಶಿರಸ್ತ್ರಾಣ ತುಟಿಯವರೆಗೆ ಬಂತು. ಮಲ್ಲಿಕಸಾಬ ಟವೆಲ್ಲು ಹುಡುಕಿದ. ಪೀಕದಾನಿ ಎನ್ನಬಹುದಿತ್ತು. ಆದರೆ ಹಾಗೆಂದರೆ ಹದಿನೇಳು ವರ್ಷಗಳ ಫೋಟೊಗಳಿಗೆ ಅವನು ಉತ್ತರ ಕೊಡಬೇಕಾಗುತ್ತಿತ್ತು.

“ಗೊತ್ತಿಲ್ರಿ” ಎಂದ.

ಹೇಳಿದ ಮೇಲೆ ಏನೂ ಆಗಲಿಲ್ಲ. ಫ್ಯಾನು ತಿರುಗುತ್ತಿತ್ತು. ಮೇಡಮ್ ಫೈಲಿನಲ್ಲಿ ಏನೋ ಬರೆದುಕೊಂಡು ಮುಂದಿನ ಪೆಟ್ಟಿಗೆಗೆ ಹೋದರು.

ಮರೆವ್ವ ಈಗ ವಾರಕ್ಕೆ ಮೂರು ದಿನ ಬಸ್ಸಿನಲ್ಲಿ ಕಿತ್ತೂರು, ಸವದತ್ತಿ, ರಾಮದುರ್ಗಕ್ಕೆ ತರಬೇತಿ ಕೊಡಲು ಹೋಗುತ್ತಾಳೆ. ಕಾಯಂ. ನೀಲಕಂಠನಿಗೆ ಇನ್ನೊಂದು ಹನ್ನೊಂದು ತಿಂಗಳು ಸಿಕ್ಕಿತು. ಅವಳು ಊರಲ್ಲಿಲ್ಲದ ದಿನ ಗಾಜು ಒರೆಸುವುದು ಯಾರು ಎಂದು ಮಲ್ಲಿಕಸಾಬ ಕೇಳಿದಾಗ ಅವನು ‘ಗೊತ್ತಿಲ್ಲ’ ಎಂಬ ಆ ಹೊಸ ಶಬ್ದವನ್ನು ಎರಡನೆಯ ಸಲ ಬಳಸಿದ. ಅದು ನಡೆಯಲಿಲ್ಲ, ಅವನೇ ಒರೆಸುತ್ತಾನೆ.

ತಿಂಗಳ ಕೊನೆಗೆ ಟ್ರಸ್ಟಿಗೆ ವರದಿ ಬರೆಯಬೇಕಾಯಿತು. ಬಂದದ್ದೆಷ್ಟು, ಉಳಿದದ್ದೆಷ್ಟು, ಕಳೆದದ್ದೆಷ್ಟು ಎಂಬ ಮೂರು ಕಾಲಂಗಳಿದ್ದವು. ಮೂರನೆಯದನ್ನು ಅವನು ತನ್ನ ಚೊಕ್ಕ ಅಕ್ಷರದಲ್ಲಿ ತುಂಬಿದ:

ಕಿವಿ ಯಂತ್ರ ಎರಡು. ಒಂದು ಸಾಲಹಳ್ಳಿಯಲ್ಲಿದೆ, ಒಂದು ಮೌಶಿಯ ಕಿವಿಯಲ್ಲಿದೆ. ಕಾಯಂ ಹುದ್ದೆ ಒಂದು. ಶಿರಸ್ತ್ರಾಣ ಒಂದು.